ಎರಡನೆಯ ಓದು

ಫೆಬ್ರವರಿ 9

ಗೆರೆಯಕ್ಕನಿಗೆ ನಮಸ್ಕಾರ.

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನಾನು ಯಾರೆಂದು ನಿಮಗೆ ಗೊತ್ತಾಗಿರುತ್ತದೆ. ಗೊತ್ತಾಗಿಯೂ ಒಡೆದಿದ್ದೀರಿ ಎಂದರೆ ನನಗೆ ಅರ್ಧ ಧೈರ್ಯ ಬಂದ ಹಾಗೆ. ನಾನು ಪೆನ್ಸಿಲ್. ಜಡೆಯೊಳಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಅದನ್ನೇ ಕೋಣೆಯೆಲ್ಲ ಹುಡುಕುತ್ತಿದ್ದವಳು. ಈಗ ಜಡೆ ಇಲ್ಲ, ಇರುವ ಕೂದಲು ಪೆನ್ಸಿಲ್ ಹಿಡಿಯುವಷ್ಟಿಲ್ಲ. ಹೆಸರು ಉಳಿದಿದೆ, ಆ ಹೆಸರಿನಿಂದ ಕರೆಯುವವರು ಇಲ್ಲಿ ಯಾರೂ ಉಳಿದಿಲ್ಲ.

ಇಪ್ಪತ್ತೆಂಟು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರ ಕೇಳುವ ಯೋಗ್ಯತೆ ನನಗಿಲ್ಲ, ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ಐವರ ಗುಂಪು ನೆನಪಿದೆಯಲ್ಲ? ಐದು ಗೆಲಾಕ್ಸಿಗಳ ಆ ಪುಟ್ಟ ಸಂಸಾರ. ಕಾಗದದಲ್ಲಿ ಅವಕ್ಕೆ ಬರೀ ಸಂಖ್ಯೆಗಳಿದ್ದವು, ಹೆಸರು ಇಟ್ಟದ್ದು ನೀವು. ದೊಡ್ಡಪ್ಪ, ದೊಡ್ಡಮ್ಮ, ಅವಳಿಗಳಿಬ್ಬರು, ಮತ್ತೆ ಅಂಚಿನಲ್ಲಿ ಓರೆಯಾಗಿ ನಿಂತ ಐದನೆಯವನು, ನೆಂಟ. ಒಂದೊಂದರ ಬೆಳಕನ್ನೂ ಪಟ್ಟಿಯಾಗಿ ಬಿಡಿಸಿ, ಗಾಜಿನ ಪ್ಲೇಟಿನ ಮೇಲೆ ಹಿಡಿದು ದೂರದರ್ಶಕದವರು ನಮಗೆ ಕೊಡುತ್ತಿದ್ದರು. ಆ ಪಟ್ಟಿಯೊಳಗಿನ ಗೆರೆಗಳು ತಮ್ಮ ಜಾಗದಿಂದ ಎಷ್ಟು ಸರಿದಿವೆ ಎಂದು ನೀವು ಅಳತೆ ಯಂತ್ರಕ್ಕೆ ಕಣ್ಣಿಟ್ಟು ಓದುತ್ತಿದ್ದಿರಿ. ಅಷ್ಟು ಸರಿಯಬೇಕಾದರೆ ಗೆಲಾಕ್ಸಿಯ ವೇಗ ಎಷ್ಟಿರಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ನಾಲ್ವರ ವೇಗ ಸೆಕೆಂಡಿಗೆ ಎರಡು ಸಾವಿರದ ಮುನ್ನೂರು ಕಿಲೋಮೀಟರಿನ ಆಸುಪಾಸು ಬಂತು. ನೆಂಟನದು ಮಾತ್ರ ನಿಮ್ಮ ಓದಿನಲ್ಲಿ 2,684.

ಆ ಸಂಖ್ಯೆಯನ್ನು ನಮ್ಮ ಪ್ರಬಂಧದ ಕೋಷ್ಟಕದಿಂದ ತೆಗೆದೆವು. ಅಳತೆಯಲ್ಲಿ ದೋಷವಿದೆ ಎಂದು ಅಡಿಟಿಪ್ಪಣಿ ಹಾಕಿದೆವು. ನಿಮ್ಮ ಪುಟ್ಟಿ ಹೋಗಿ ಆಗಿನ್ನೂ ಹದಿನೈದು ದಿನವೂ ಆಗಿರಲಿಲ್ಲ, ನೀವು ಕೆಲಸಕ್ಕೆ ಮರಳಿ ನಾಲ್ಕು ದಿನವಾಗಿತ್ತು. ಮಗು ಕಳೆದುಕೊಂಡ ತಾಯಿಯ ಕಣ್ಣು ತಪ್ಪಿದೆ ಎಂದರೆ ಯಾರು ಅಲ್ಲವೆನ್ನುತ್ತಾರೆ? ಎಲ್ಲರೂ ಒಪ್ಪಿದರು. ನೀವೂ ಒಪ್ಪಿದಿರಿ.

ಹೋದ ತಿಂಗಳು ಹೊಸ ಉಪಕರಣದಲ್ಲಿ ಐದನ್ನೂ ಮತ್ತೆ ಅಳೆದೆವು. ನೆಂಟನ ವೇಗ 2,679. ನಮ್ಮ ಕಾಲದ ಪ್ಲೇಟುಗಳಲ್ಲಿ ಐವತ್ತು ಕಿಲೋಮೀಟರ್ ಆಚೀಚೆ ಆಗುವುದು ಮಾಮೂಲು. ನಿಮಗೂ ಯಂತ್ರಕ್ಕೂ ಐದೇ ಐದು ವ್ಯತ್ಯಾಸ. ಅದು ಸಾಲದೆಂಬಂತೆ, ದೊಡ್ಡಮ್ಮನಿಂದ ನೆಂಟನವರೆಗೆ ತೆಳ್ಳನೆಯ ಅನಿಲದ ಎಳೆಯೊಂದು ಚಾಚಿಕೊಂಡಿರುವುದೂ ಈಗ ಕಂಡಿದೆ. ಅವನು ನೆಂಟನಲ್ಲ ಅಕ್ಕ, ಮನೆಯವನೇ. ನಿಮ್ಮ ಕಣ್ಣು ತಪ್ಪಿರಲಿಲ್ಲ.

ಇದನ್ನು ಬೇರೆ ಯಾರಿಂದಲೋ ಕೇಳುವುದಕ್ಕಿಂತ ನನ್ನಿಂದಲೇ ನಿಮಗೆ ತಿಳಿಯಲಿ ಎಂದು ಬರೆದೆ.

ಇಂತಿ,
ಪೆನ್ಸಿಲ್

&nbsp;

ಮಾರ್ಚ್ 2

ಪೆನ್ಸಿಲ್,

ನಿನ್ನ ಅರ್ಧ ಧೈರ್ಯ ಒಂದು ವಾರ ತಡವಾಗಿ ಬಂತು ಅಂದುಕೋ. ಲಕೋಟೆಯನ್ನು ಒಡೆಯದೆ ಇಸ್ತ್ರಿ ಮೇಜಿನ ಕೆಳಗೆ ಸೇರಿಸಿ ಇಟ್ಟಿದ್ದೆ. ಅಂಗಡಿಯ ಯಜಮಾನತಿ ಕಸ ಅಂತ ಎಸೆಯಲು ಹೊರಟಾಗ ಕಿತ್ತುಕೊಂಡೆ.

ಹೌದು, ಅಂಗಡಿ. ನಾನೀಗ ಒಂದು ಲಾಂಡ್ರಿಯ ಹಿಂಬದಿಯ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಕೂರುತ್ತೇನೆ. ಹುಳು ತಿಂದ, ಸಿಗರೇಟು ಸುಟ್ಟ, ಮೊಳೆಗೆ ಸಿಕ್ಕಿ ಹರಿದ ಬಟ್ಟೆಗಳು ನನ್ನ ಹತ್ತಿರ ಬರುತ್ತವೆ. ಅದೇ ಬಟ್ಟೆಯ ಒಳಮಡಿಕೆಯಿಂದ ಒಂದೊಂದೇ ಎಳೆ ಬಿಡಿಸಿಕೊಂಡು ತೂತಿನ ಮೇಲೆ ನೇಯಬೇಕು. ಚೆನ್ನಾಗಿ ಮಾಡಿದರೆ ಮಾಡಿದ್ದೇ ಕಾಣುವುದಿಲ್ಲ, ಏನ್ ಮಾಡಿದೀರಿ ಇದ್ರಲ್ಲಿ ಅಂತ ಗಿರಾಕಿ ಜಗಳಕ್ಕೆ ನಿಲ್ಲುತ್ತಾನೆ. ಕೆಟ್ಟದಾಗಿ ಮಾಡಿದರೆ ಪಾಪ ಕಷ್ಟಪಟ್ಟಿದ್ದಾರೆ ಅನ್ನುತ್ತಾನೆ. ಮನೆಯವರು ಹೋಗಿ ಮೂರು ವರ್ಷವಾಯಿತು. ಒಬ್ಬಳೇ ಇದ್ದೇನೆ, ಕೈಕಾಲು ಆಡುತ್ತಿವೆ. ನೀನು ಕೇಳದಿದ್ದರೂ ಹೇಳಿದ್ದೇನೆ.

ನಿನ್ನ ಸಂಖ್ಯೆ ಓದಿ ಏನು ಮಾಡಬೇಕೆಂದೇ ತೋಚಲಿಲ್ಲ. ಆ ದಿನಗಳಲ್ಲಿ ನನ್ನ ಕಣ್ಣು ನನ್ನ ಮಾತು ಕೇಳುತ್ತಿರಲಿಲ್ಲ ಎಂದು ನಂಬಿಕೊಂಡೇ ಇಷ್ಟು ವರ್ಷ ಬದುಕಿದ್ದೇನೆ. ಆಮೇಲೆ ನಮ್ಮ ಮನೆಯಲ್ಲಿ ಗೆರೆ ಇರುವ ಯಾವ ವಸ್ತುವನ್ನೂ ನಾನು ಓದಲಿಲ್ಲ. ಕರೆಂಟು ಮೀಟರು, ಔಷಧಿ ಕುಡಿಯುವ ಪುಟ್ಟ ಲೋಟ, ಗೋಡೆಗೆ ಮೊಳೆ ಹೊಡೆಯುವಾಗ ಅಳತೆ ಪಟ್ಟಿ, ಎಲ್ಲವನ್ನೂ ಅವರೇ ಓದುತ್ತಿದ್ದರು. ನಾನು ಹೇಳಲಿಲ್ಲ, ಅವರು ಕೇಳಲಿಲ್ಲ, ಅದು ಹಾಗೇ ಆಗಿಬಿಟ್ಟಿತು. ಈಗ ಮೀಟರು ಓದಲು ಪಕ್ಕದ ಮನೆಯವರನ್ನು ಕರೆಯುತ್ತೇನೆ, ಕನ್ನಡಕ ಸಿಗುತ್ತಿಲ್ಲ ಅಂತ ಸುಳ್ಳು ಹೇಳಿ. ಅಂಗಡಿಯಲ್ಲೂ ಟೇಪು ಹಿಡಿಯುವುದು ಯಜಮಾನತಿಯೇ.

ಒಂದು ಮಾತು ಅವತ್ತೇ ಹೇಳಬೇಕಿತ್ತು, ಹೇಳದೆ ಉಳಿಯಿತು. ಸಂಜೆ ಹೊರಡುವ ಮುಂಚೆ ನಾನು ಯಂತ್ರದ ತಿರುಪನ್ನು ಸೊನ್ನೆಗೆ ತಂದು, ಬಟ್ಟೆ ಹೊದಿಸಿ ಹೋಗುತ್ತಿದ್ದೆ. ನನ್ನ ಸಂಖ್ಯೆಯನ್ನು ತೆಗೆದುಹಾಕಿದ ಆ ಸಭೆಯ ದಿನ ಬೆಳಿಗ್ಗೆ ಬಂದು ನೋಡಿದರೆ ತಿರುಪು ಸೊನ್ನೆಯಲ್ಲಿರಲಿಲ್ಲ. ನೆಂಟನ ಪ್ಲೇಟಿನ ಕೊನೆಯ ಗೆರೆಯ ಮೇಲೆ ನಿಂತಿತ್ತು. ಆ ಕೋಣೆಯ ಕೀಲಿ ಇದ್ದದ್ದು ನಮ್ಮಿಬ್ಬರ ಹತ್ತಿರವೇ. ನೀನು ಹಿಂದಿನ ಸಂಜೆ ಕೂತು ಅಳೆದಿದ್ದೀಯ, ನಿನಗೆ ಬೇರೆಯೇ ಸಂಖ್ಯೆ ಬಂದಿದೆ ಎಂದು ಆಗಲೇ ತಿಳಿಯಿತು. ಆದರೆ ಅದನ್ನು ಎಲ್ಲರೆದುರು ಓದಿ ನನ್ನ ಮಾನ ಕಳೆಯಲಿಲ್ಲ ನೀನು. ಅಕ್ಕನ ಕಣ್ಣು ತಪ್ಪಿರಬಹುದು ಅಂತ ಅಷ್ಟೇ ಅಂದೆ. ಉಳಿದವರು ನನ್ನನ್ನು ಉಗ್ರಾಣಕ್ಕೆ ಹಾಕಿದರು, ಬಾಟಲಿ ಎಣಿಸಲು. ಮೂರು ತಿಂಗಳಲ್ಲಿ ಬಿಟ್ಟುಬಂದೆ. ಅವರ ಮೇಲೆ ಸಿಟ್ಟಿತ್ತು, ನಿನ್ನ ಮೇಲೆ ಇರಲಿಲ್ಲ. ನೀನು ಪತ್ರ ಬರೆಯಲಿಲ್ಲ ಅನ್ನುವ ಬೇಜಾರಿತ್ತು, ಅದು ಬೇರೆ.

ಈಗ ನೋಡಿದರೆ ನಾನೇ ಸರಿ ಅನ್ನುತ್ತೀಯ. ಹಾಗಾದರೆ ಅವತ್ತು ತಪ್ಪಿದ್ದು ನಿನ್ನ ಕಣ್ಣು. ಪಾಪ. ಅದಕ್ಕೇನೂ ಬೇಸರ ಬೇಡ. ನನ್ನ ಮುಖ ಉಳಿಸಿದ್ದಕ್ಕೆ ಥ್ಯಾಂಕ್ಸ್.

ಗೆರೆಯಕ್ಕ

&nbsp;

ಮಾರ್ಚ್ 20

ಅಕ್ಕನಿಗೆ ನಮಸ್ಕಾರ.

ನಿಮ್ಮ ಪತ್ರ ಬಂತು. ಭಾವನವರು ಹೋದದ್ದು ನನಗೆ ಗೊತ್ತಿರಲಿಲ್ಲ. ಮಳೆ ಬಂದ ಸಂಜೆಗಳಲ್ಲಿ ಕೊಡೆ ಹಿಡಿದು ಗೇಟಿನ ಹತ್ತಿರ ನಿಂತಿರುತ್ತಿದ್ದರು. ಬಸ್ ಡಿಪೋದಲ್ಲಿ ಬಸ್ಸುಗಳ ಹೊತ್ತು ಬರೆದೂ ಬರೆದೂ, ನೀವು ಎರಡು ನಿಮಿಷ ತಡವಾದರೆ ಗಡಿಯಾರ ತೋರಿಸುತ್ತಿದ್ದರು. ಬಹಳ ದುಃಖವಾಯಿತು.

ತಿರುಪಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು, ಆ ಒಂದು ಸಂಖ್ಯೆಯಿಂದ ಏನೇನಾಯಿತು ಎಂದು ನಿಮಗೆ ತಿಳಿಯಲಿ. ಜೊತೆಗೆ ಐವರ ಹೊಸ ವೇಗಗಳ ಪಟ್ಟಿಯನ್ನೂ ಇಟ್ಟಿದ್ದೇನೆ.

ನೆಂಟ ಅಷ್ಟು ಜೋರಾಗಿ ಓಡುತ್ತಿದ್ದರೆ ಗುಂಪನ್ನು ಬಿಟ್ಟು ಎಂದೋ ಹೋಗಿಬಿಡಬೇಕಿತ್ತು. ಐದು ಗೆಲಾಕ್ಸಿಗಳ ನಕ್ಷತ್ರಗಳನ್ನೂ ಅನಿಲವನ್ನೂ ಕೂಡಿಸಿದರೂ ಅವನನ್ನು ಹಿಡಿದಿಡುವಷ್ಟು ತೂಕ ಬರುವುದಿಲ್ಲ. ಆದರೂ ಅವನು ಹೋಗಿಲ್ಲ. ಅಂದರೆ ಐವರನ್ನೂ ತನ್ನೊಳಗೆ ಇಟ್ಟುಕೊಂಡ, ಕಣ್ಣಿಗೆ ಕಾಣದ ದೊಡ್ಡ ಪರಿವೇಷವೊಂದು ಸುತ್ತ ಇದೆ. ಕಪ್ಪು ದ್ರವ್ಯ ಎಂದು ಹೆಸರಿಟ್ಟಿದ್ದಾರೆ. ನಿಜ ಹೇಳಬೇಕೆಂದರೆ ಅದು ಕಪ್ಪೂ ಅಲ್ಲ. ಬೆಳಕನ್ನು ಕೊಡುವುದಿಲ್ಲ, ತಡೆಯುವುದೂ ಇಲ್ಲ, ಎಳೆಯುತ್ತದೆ ಅಷ್ಟೇ. ನೆಂಟನನ್ನು ಬಿಟ್ಟು ಲೆಕ್ಕ ಮಾಡಿದಾಗ ಆ ಪರಿವೇಷ ಇದ್ದೂ ಇಲ್ಲದ ಹಾಗಿತ್ತು. ಅವನನ್ನು ಸೇರಿಸಿಕೊಂಡರೆ ಗುಂಪಿನ ತೂಕ ಹನ್ನೆರಡು ಪಟ್ಟಾಗುತ್ತದೆ. ಇಂಥ ಸಣ್ಣ ಗುಂಪುಗಳಲ್ಲಿ ಇದೇ ಗೋಳು. ಸಾವಿರ ಗೆಲಾಕ್ಸಿಗಳಿದ್ದರೆ ಒಂದು ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಐದೇ ಇದ್ದಾಗ ಒಬ್ಬನನ್ನು ಹೊರಗಿಟ್ಟರೆ ಇಡೀ ಮನೆಯ ಲೆಕ್ಕವೇ ಸುಳ್ಳಾಗುತ್ತದೆ.

ಇದನ್ನು ಬರೆಯುವಾಗ ನಿಮ್ಮ ಮನೆ ನೆನಪಾಯಿತು. ಪುಟ್ಟಿ ಕಾಣದಿದ್ದರೂ ನಿಮ್ಮನ್ನೂ ಭಾವನವರನ್ನೂ ಇಷ್ಟು ವರ್ಷ ಒಟ್ಟಿಗೆ ಹಿಡಿದಿಟ್ಟದ್ದು ಅವಳೇ ಇರಬೇಕು, ಆ ಕಪ್ಪು ದ್ರವ್ಯದ ಹಾಗೆ.

ನಿಮ್ಮ,
ಪೆನ್ಸಿಲ್

&nbsp;

ಏಪ್ರಿಲ್ 4

ಪೆನ್ಸಿಲ್,

ನನ್ನ ಮಗಳನ್ನು ಕಪ್ಪು ದ್ರವ್ಯ ಮಾಡಬೇಡ. ಅವಳು ಕಾಣುತ್ತಿದ್ದಳು. ನಾಲ್ಕು ವರ್ಷ, ಹದಿನಾಲ್ಕು ಕಿಲೋ. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು ಸರಿಯಾಗಿಯೇ ಇದೆ ಎಂದು ವಾದಿಸುತ್ತಿದ್ದಳು. ನಿನ್ನ ಪೆನ್ಸಿಲಿನ ತುದಿ ಕಚ್ಚಿ ತಿಂದವಳೂ ಅವಳೇ. ನಿಮಗೆಲ್ಲ ಏನು ಸಿಕ್ಕಿದರೂ ಉಪದೇಶಕ್ಕೆ ಬೇಕು.

ಪಟ್ಟಿ ನೋಡಿದೆ. ಚೆನ್ನಾಗಿದೆ. ತಿರುಪಿನ ವಿಷಯಕ್ಕೆ ಆಮೇಲೆ ಬರುತ್ತೇನೆ ಎಂದು ಬರೆದು ಎರಡು ಹಾಳೆ ತುಂಬಿಸಿದೆ ನೀನು, ಬರಲೇ ಇಲ್ಲ.

ಹೋದ ಪತ್ರದಲ್ಲಿ ನಿನ್ನ ಕಣ್ಣು ತಪ್ಪಿತ್ತು ಅಂತ ತಮಾಷೆಗೆ ಬರೆದೆ. ಅಂಚೆಗೆ ಹಾಕಿದ ಮೇಲೆ ಅದು ತಲೆಯಲ್ಲಿ ಕೊರೆಯತೊಡಗಿತು. ನಿನಗೆ ಕೆಲಸ ಕಲಿಸಿದ್ದು ನಾನು. ಪ್ಲೇಟನ್ನು ನೇರವಾಗಿ ಇಟ್ಟು ಒಂದು ಸಲ ಓದಬೇಕು, ತಿರುಗಿಸಿ ಇಟ್ಟು ಇನ್ನೊಂದು ಸಲ ಓದಬೇಕು. ಕಣ್ಣಿಗೆ ಒಂದು ಕಡೆ ವಾಲುವ ಚಾಳಿ ಇದ್ದರೆ ತಿರುಗಿಸಿದಾಗ ಸಿಕ್ಕಿಬೀಳುತ್ತದೆ. ಮೊದಲು ಓದಿದವರ ಸಂಖ್ಯೆಯನ್ನು ಎರಡನೆಯವರು ನೋಡಬಾರದು. ಈ ಮೂರೂ ನಿನಗೆ ಕರಗತವಾಗುವ ತನಕ ಪ್ಲೇಟು ಮುಟ್ಟಲು ಬಿಟ್ಟಿರಲಿಲ್ಲ ನಾನು. ನಿನ್ನ ಕಣ್ಣು ಮೂವತ್ತು ತಪ್ಪಬಹುದು, ನಲವತ್ತು ತಪ್ಪಬಹುದು. ಮುನ್ನೂರೆಂಬತ್ತು ತಪ್ಪುವ ಕಣ್ಣು ಅದಲ್ಲ.

ಆ ಸಂಜೆ ನಿನಗೆ ಎಷ್ಟು ಬಂತು? ಸಂಖ್ಯೆ ಬರೆದು ಕಳಿಸು. ನನಗೆ ಯಾಕೆ ಬೇಕು ಎಂದು ಈಗ ಹೇಳುವುದಿಲ್ಲ. ಆದರೆ ಬೇಕು. ಇದರ ಮೇಲೆ ನನ್ನದೊಂದು ದೊಡ್ಡ ವಿಷಯ ನಿಂತಿದೆ.

ಗೆರೆಯಕ್ಕ

&nbsp;

ಏಪ್ರಿಲ್ 19

ಅಕ್ಕ,

2,691.

ನೇರವಾಗಿ ಇಟ್ಟಾಗ 2,688, ತಿರುಗಿಸಿದಾಗ 2,694. ಅವತ್ತು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡಿದ್ದೆ. ಆ ಟಿಕೆಟ್ಟು ಇಷ್ಟು ವರ್ಷ ನನ್ನ ನಿಘಂಟಿನೊಳಗೆ ಇತ್ತು. ಎಸೆಯಲು ಕೈ ಬರಲಿಲ್ಲ, ತೋರಿಸಲು ಬಾಯಿ ಬರಲಿಲ್ಲ. ಈ ಪತ್ರದ ಜೊತೆ ಕಳಿಸುತ್ತಿದ್ದೇನೆ.

ನೀವು ಐದೂವರೆಗೆ ಹೋದಿರಿ. ಆರರಿಂದ ಎಂಟರವರೆಗೆ ನಾನು ಕೂತೆ. ನಿಮ್ಮ ಸಂಖ್ಯೆ ನನಗೆ ಗೊತ್ತಿತ್ತು, ಅದು ತಪ್ಪಾಗಿರಲಿ ಎಂದು ಬಯಸಿಯೇ ಕೂತಿದ್ದೆ. ಎಷ್ಟು ಬಯಸಿದರೂ ಗೆರೆ ಸರಿಯಲಿಲ್ಲ.

ಹಿಂದಿನ ವಾರ ನಿರ್ದೇಶಕರು ನನ್ನನ್ನು ಕರೆಸಿ, ಈ ಪ್ರಬಂಧ ಚೆನ್ನಾಗಿ ಬಂದರೆ ನಿನ್ನ ಕೆಲಸ ಖಾಯಂ ಎಂದು ಹೇಳಿದ್ದರು. ನೆಂಟನ ವೇಗ ಸೇರಿಸಿದರೆ ಕಾಣುವ ತೂಕದ ಎಷ್ಟೋ ಪಟ್ಟು ಕಾಣದ ತೂಕ ಇದೆ ಎಂದು ಬರೆಯಬೇಕಿತ್ತು. ನಮ್ಮಲ್ಲಿ ಆಗ ಅಂಥ ಮಾತಾಡಿದವರನ್ನು ನೋಡಿ ಹಿರಿಯರು ಬಾಯಿ ಮುಚ್ಚಿ ನಗುತ್ತಿದ್ದರು. ನೆಂಟ ಈ ಗುಂಪಿನವನಲ್ಲ, ಹಿಂದೆ ಎಲ್ಲೋ ದೂರದಲ್ಲಿದ್ದಾನೆ ಎಂದು ಕೈ ತೊಳೆದುಕೊಳ್ಳುವ ಹಾಗೂ ಇರಲಿಲ್ಲ. ಚಿತ್ರದಲ್ಲಿ ಅವನ ಒಂದು ತೋಳು ದೊಡ್ಡಮ್ಮನ ಕಡೆಗೆ ಎಳೆದುಕೊಂಡಿರುವುದು ಯಾರಿಗಾದರೂ ಕಾಣುತ್ತಿತ್ತು. ಉಳಿದದ್ದು ಒಂದೇ ದಾರಿ, ಅಳತೆ ತಪ್ಪು ಎನ್ನುವುದು. ಅಳತೆ ತಪ್ಪು ಎನ್ನಲು ಕಾರಣವೊಂದು ಬೇಕಿತ್ತು. ಕಾರಣ ಬಾಗಿಲ ಹತ್ತಿರದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿತ್ತು.

"ಅಕ್ಕನ ಮಗು ಹೋಗಿ ಇನ್ನೂ ಹದಿನೈದು ದಿನ ಆಗಿಲ್ಲ. ಕಣ್ಣು ತಪ್ಪಿರಬಹುದು" ಅಂದೆ. ಹಾಗೆ ಹೇಳುವಾಗ ದನಿ ನಡುಗಿತು. ಅದನ್ನೂ ಎಲ್ಲರೂ ಮರುಕ ಎಂದೇ ತಿಳಿದರು. ನಿಮ್ಮ ಅಳತೆ ಪುಸ್ತಕದಲ್ಲಿ ಆ ಸಂಖ್ಯೆಯ ಮೇಲೆ ಕೆಂಪು ಗೆರೆ ಎಳೆದವಳೂ ನಾನೇ.

ನನ್ನ ಕೆಲಸ ಖಾಯಂ ಆಯಿತು. ಆಮೇಲೆ ಆರೇಳು ವರ್ಷಕ್ಕೆ ಬೇರೆಯವರು ಬೇರೆ ಗುಂಪುಗಳಲ್ಲಿ ಅದನ್ನೇ ಕಂಡುಹಿಡಿದರು, ಆಗ ಯಾರೂ ನಗಲಿಲ್ಲ. ನಮ್ಮ ಐವರಲ್ಲಿ ಅದು ಮೊದಲೇ ಕಂಡಿತ್ತು, ನಿಮಗೆ.

ನೀವು ಅದನ್ನು ಉಪಕಾರ ಎಂದು ತಿಳಿದು ಥ್ಯಾಂಕ್ಸ್ ಹೇಳಿದಿರಿ. ಆ ಪತ್ರವನ್ನು ಓದಿದ ಮೇಲೆ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಆದರೂ ಮೊದಲ ಸಲ ಮಾತು ತೇಲಿಸಿದೆ, ನೀವು ಕೇಳಿದ ಮೇಲೆಯೇ ಹೇಳಿದೆ. ನಾನು ಅಂಥವಳು ಅಕ್ಕ. ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಕ್ಷಮಿಸುತ್ತೀರಾ?

ಪೆನ್ಸಿಲ್

&nbsp;

ಜೂನ್ 6

ಅಕ್ಕ,

ಏಳು ವಾರವಾಯಿತು. ನೀವು ಬರೆಯುವುದಿಲ್ಲ ಎಂದು ಗೊತ್ತಿದ್ದೂ ದಿನವೂ ಅಂಚೆ ಪೆಟ್ಟಿಗೆಯಲ್ಲಿ ಕೈ ಹಾಕುತ್ತೇನೆ.

ಹೊಸ ಪ್ರಬಂಧದಲ್ಲಿ ಹಳೆಯ ಅಡಿಟಿಪ್ಪಣಿ ತಪ್ಪು ಎಂದು ಬರೆದಿದ್ದೇನೆ. ಅಳೆದವರು ಎಂಬಲ್ಲಿ ನಿಮ್ಮ ಪೂರ್ತಿ ಹೆಸರಿದೆ. ಎರಡನೆಯ ಓದು ನನ್ನದು, ಅದೂ 2,684ನ್ನೇ ಬೆಂಬಲಿಸಿತ್ತು, ಆದರೆ ಮುಚ್ಚಿಟ್ಟೆ ಎಂದೂ ಬರೆದಿದ್ದೇನೆ. ಜೊತೆಯವರು ಅದೆಲ್ಲ ಯಾಕೆ ಎಂದರು. ಕೆಲವರು ಮಾತು ನಿಲ್ಲಿಸಿದ್ದಾರೆ. ಅದರಿಂದ ನಿಮಗೇನೂ ಸಿಗುವುದಿಲ್ಲ, ಗೊತ್ತು.

ನಮ್ಮ ಅಳತೆ ಯಂತ್ರ ಈಗ ಮೊಗಸಾಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇದೆ. ತಿರುಪು ಸೊನ್ನೆಯಲ್ಲಿದೆ.

ಪೆನ್ಸಿಲ್

&nbsp;

ಜುಲೈ 15

ಪೆನ್ಸಿಲ್,

ಟಿಕೆಟ್ಟು ಬಂದಾಗ ಬಟ್ಟೆಯಲ್ಲಿ ಸೂಜಿ ಇತ್ತು. ಅದನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ನಿನಗೆ ಬಯ್ಯಬೇಕೆಂದು ಮೂರು ಪತ್ರ ಬರೆದು ಹರಿದುಹಾಕಿದೆ. ಎಷ್ಟು ಬಯ್ದರೂ ಸಾಲದು ಅನ್ನಿಸಿತು, ಅದಕ್ಕೆ ನಿಲ್ಲಿಸಿದೆ. ನನಗೆ ಯಾಕೆ ಆ ಸಂಖ್ಯೆ ಬೇಕಿತ್ತು ಎಂದು ಈಗ ಹೇಳುತ್ತೇನೆ. ಇದನ್ನು ನಾನು ಯಾರಿಗೂ ಹೇಳಿಲ್ಲ, ಮನೆಯವರಿಗೂ.

ಪುಟ್ಟಿಗೆ ಜ್ವರ ಬಂದ ದಿನ ನಾನು ರಜೆ ಹಾಕಿದ್ದೆ. ಮಧ್ಯಾಹ್ನ ಹನ್ನೆರಡಕ್ಕೆ ಥರ್ಮಾಮೀಟರ್ ಇಟ್ಟು ನೋಡಿದೆ. ನೂರೊಂದು ಪಾಯಿಂಟ್ ಎರಡು. ಮಕ್ಕಳಿಗೆ ಬರುವ ಜ್ವರವೇ. ಮನೆಯಲ್ಲಿದ್ದ ಔಷಧಿ ಕೊಟ್ಟು, ಹಣೆಗೆ ಒದ್ದೆ ಬಟ್ಟೆ ಹಾಕಿದೆ. ಸಂಜೆ ಆರಕ್ಕೆ ಅವರು ಬಂದ ಮೇಲೆ ಡಾಕ್ಟರ ಹತ್ತಿರ ಹೋದರಾಯಿತು ಅಂದುಕೊಂಡೆ. ನಾಲ್ಕು ಗಂಟೆಗೆ ಮಗುವಿಗೆ ಫಿಟ್ಸ್ ಬಂತು. ಎತ್ತಿಕೊಂಡು ಓಡಿದೆ. ಅವರು ಡಿಪೋದಿಂದ ನೇರ ಆಸ್ಪತ್ರೆಗೆ ಬಂದರು.

ಎಲ್ಲ ಮುಗಿದ ಮೇಲೆ ಡಾಕ್ಟರು ಕಾಗದ ತುಂಬಿಸುತ್ತಾ ಮಧ್ಯಾಹ್ನ ಜ್ವರ ಎಷ್ಟಿತ್ತು ಎಂದು ಕೇಳಿದರು. ಹೇಳಿದೆ. "ಸರಿಯಾಗಿ ನೋಡಿದ್ರಾಮ್ಮ? ಅಷ್ಟಕ್ಕೆ ಹೀಗಾಗಲ್ಲ. ನೂರನಾಲ್ಕರ ಹತ್ತಿರ ಇದ್ದಿರಬೇಕು" ಅಂದರು. ಒಳ್ಳೆಯ ಮನುಷ್ಯ, ಚುಚ್ಚಲು ಹೇಳಿದ್ದಲ್ಲ. ಸರಿಯಾಗಿಯೇ ನೋಡಿದೆ ಎಂದೆ. ದಿನವಿಡೀ ಗೆರೆ ಓದುವುದೇ ನನ್ನ ಕೆಲಸ ಎಂದೂ ಹೇಳಿದೆ. ಮನೆಯವರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು.

ಆಗ ನನ್ನ ಮೇಲೆ ನನಗೆ ನಂಬಿಕೆ ಇತ್ತು, ಪೆನ್ಸಿಲ್. ಅದೊಂದನ್ನೇ ಹಿಡಿದುಕೊಂಡು ಹತ್ತಿರಹತ್ತಿರ ಹದಿನೈದು ದಿನ ಕಳೆದೆ. ನಾನು ಸರಿಯಾಗಿ ಓದಿದ್ದೆ, ನನ್ನ ಕಣ್ಣು ಸುಳ್ಳು ಹೇಳುವುದಿಲ್ಲ ಅಂತ. ಅದಕ್ಕೇ ಅಷ್ಟು ಬೇಗ ಕೆಲಸಕ್ಕೆ ಬಂದದ್ದು. ಆಮೇಲೆ ನಿನ್ನ ಸಭೆ ನಡೆಯಿತು. ಪ್ಲೇಟಿನ ಗೆರೆಯನ್ನೇ ತಪ್ಪು ಓದಿದವಳು ಥರ್ಮಾಮೀಟರಿನದನ್ನು ಮಾತ್ರ ಸರಿಯಾಗಿ ಓದಿದ್ದಳೇ? ಬಾಟಲಿ ಎಣಿಸುತ್ತಾ ಅದನ್ನೇ ಕೇಳಿಕೊಂಡೆ. ಇಪ್ಪತ್ತೆಂಟು ವರ್ಷ ಅದನ್ನೇ ಕೇಳಿಕೊಂಡೆ. ನೂರನಾಲ್ಕು ಇದ್ದದ್ದನ್ನು ನೂರೊಂದು ಎಂದು ಓದಿ, ನಾಲ್ಕು ಗಂಟೆ ಸುಮ್ಮನೆ ಕೂತು ಮಗುವನ್ನು ಕೊಂದೆ ಎಂದೇ ತೀರ್ಮಾನಿಸಿದ್ದೆ. ಇನ್ನೊಂದು ಮಗು ಬೇಡ ಎಂದದ್ದು ನಾನು. ಅವರು ಕಾರಣ ಕೇಳಲಿಲ್ಲ.

ಇನ್ನೂ ಒಂದು ಇದೆ. ಆ ಮಧ್ಯಾಹ್ನ ಔಷಧಿ ಕೊಡುವ ಗಡಿಬಿಡಿಯಲ್ಲಿ ನಾನು ಥರ್ಮಾಮೀಟರನ್ನು ಕೊಡವದೆ ಹಾಗೆಯೇ ಅದರ ತಗಡಿನ ಕೊಳವೆಗೆ ಹಾಕಿ ಇಟ್ಟಿದ್ದೆ. ಮರುವಾರ ಅವರು ಹೊಸದೊಂದು ತಂದರು. ಹಳೆಯದು ಎಲ್ಲಿ ಹೋಯಿತೋ ಗೊತ್ತಿರಲಿಲ್ಲ. ಅವರು ಹೋದ ಮೇಲೆ ಅವರ ಡ್ರಾಯರ್ ತೆಗೆದರೆ, ಕೆಳಗೆ, ಆ ಕೊಳವೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿದ್ದರು. ಜ್ವರ ನೋಡುವ ಥರ್ಮಾಮೀಟರಿನ ಪಾದರಸ ಒಮ್ಮೆ ಏರಿದರೆ ಕೊಡವುವ ತನಕ ತಾನಾಗಿ ಇಳಿಯುವುದಿಲ್ಲ, ನಿನಗೆ ಗೊತ್ತಲ್ಲ. ಆ ಮಧ್ಯಾಹ್ನ ಅದರಲ್ಲಿ ಹಾಗೆಯೇ ನಿಂತಿದೆ. ದಾರ ಬಿಚ್ಚಿದ ಗುರುತಿರಲಿಲ್ಲ. ಅವರು ನೋಡಿದ್ದರೆ ಹೇಳುತ್ತಿದ್ದರು. ನೋಡಲು ಹೆದರಿದರು, ಎಸೆಯಲೂ ಹೆದರಿದರು. ನಾನೂ ಮೂರು ವರ್ಷದಿಂದ ಹೆದರಿಕೊಂಡೇ ಇದ್ದೇನೆ.

ಈಗ ನೋಡಬೇಕು. ನನ್ನ ಕಣ್ಣನ್ನು ಒಂಟಿಯಾಗಿ ನಂಬುವ ಶಕ್ತಿ ಉಳಿದಿಲ್ಲ. ಎರಡನೆಯ ಓದು ಬೇಕು. ಅದು ನಿನ್ನದೇ ಆಗಬೇಕು, ನನಗೆ ಒಂದು ಎರಡನೆಯ ಓದು ನೀನು ಬಾಕಿ ಇಟ್ಟಿದ್ದೀಯ. ಅಂಚೆಯಲ್ಲಿ ಕಳಿಸಿದರೆ ಕುಲುಕಿ ಪಾದರಸ ಇಳಿದುಬಿಡುತ್ತದೆ. ಬಾ.

ಗೆರೆಯಕ್ಕ

&nbsp;

ಜುಲೈ 20

ಅಕ್ಕ,

ಈ ಆಗಸ್ಟ್ ಮೊದಲ ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಭೂತಗನ್ನಡಿ ತರುತ್ತೇನೆ.

ಥರ್ಮಾಮೀಟರಿನ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹಾಗೆ ಹೇಳುತ್ತಿರಲಿಲ್ಲ ಎಂದು ಬರೆಯಲು ಹೊರಟೆ. ಆದರೆ ಹೇಳುತ್ತಿರಲಿಲ್ಲ ಎಂದು ಖಂಡಿತವಾಗಿ ನನಗೇ ಗೊತ್ತಿಲ್ಲ, ಅದಕ್ಕೆ ಬರೆಯುವುದಿಲ್ಲ.

ನೂರನಾಲ್ಕು ಇದ್ದರೆ ಏನು ಮಾಡುವುದು ಅಕ್ಕ? ಆದರೂ ಬರುತ್ತೇನೆ.

ಪೆನ್ಸಿಲ್

&nbsp;

ಆಗಸ್ಟ್ 11

ಪೆನ್ಸಿಲ್,

ನೀನು ಬಿಟ್ಟುಹೋದ ಭೂತಗನ್ನಡಿ ಇಲ್ಲಿದೆ. ಮರೆತು ಹೋದೆಯೋ ಬೇಕೆಂದು ಇಟ್ಟು ಹೋದೆಯೋ, ಕೇಳುವುದಿಲ್ಲ. ಹುಳು ತಿಂದ ಉಣ್ಣೆ ಬಟ್ಟೆಗೆ ಬಹಳ ಅನುಕೂಲವಾಗಿದೆ.

ಅವತ್ತು ಹೆಚ್ಚು ಮಾತಾಡಲಿಲ್ಲ ನಾವು. ಮಾತಾಡಿದ್ದರೆ ಜಗಳವೇ ಆಗುತ್ತಿತ್ತು. ಥರ್ಮಾಮೀಟರನ್ನು ಕಿಟಕಿಯ ಹತ್ತಿರ ಅಡ್ಡಲಾಗಿ ಹಿಡಿದು, ಬುಡ ಎಡಕ್ಕೆ ಒಂದು ಸಲ, ಬುಡ ಬಲಕ್ಕೆ ಒಂದು ಸಲ ನಾನು ಓದಿದೆ. ಆಮೇಲೆ ನಾನು ಅಡುಗೆಮನೆಗೆ ಹೋದೆ, ನೀನು ಓದಿದೆ. ಲಾಂಡ್ರಿಯ ಚೀಟಿಗಳ ಹಿಂದೆ ಬರೆದು, ಮೇಜಿನ ಮೇಲೆ ಬೋರಲು ಹಾಕಿ, ಒಟ್ಟಿಗೆ ತಿರುವಿದೆವು. ನನ್ನದು 101.2. ನಿನ್ನದೂ 101.2.

ನೀನು ಮೇಜಿಗೆ ತಲೆಯಿಟ್ಟು ಅತ್ತೆ. ನಾನು ಅಳದೆ ಕೂತದ್ದು ನೋಡಿ ನಿನಗೆ ಭಯವಾಯಿತು, ಗೊತ್ತಾಯಿತು. ಯಾಕೆ ಅಳಲಿಲ್ಲ ಅಂತ ಈಗ ಹೇಳುತ್ತೇನೆ. ನಾನು ಸರಿ ಎಂದು ತಿಳಿದರೆ ಹಗುರಾಗುತ್ತೇನೆ ಎಂದುಕೊಂಡಿದ್ದೆ. ಆಗಲಿಲ್ಲ. ತಪ್ಪು ನನ್ನದಾಗಿದ್ದಾಗ ಪುಟ್ಟಿ ಹೋದದ್ದಕ್ಕೆ ಒಂದು ಕಾರಣವಾದರೂ ಇತ್ತು. ಈಗ ಅದೂ ಇಲ್ಲ. ಅವಳು ಸುಮ್ಮನೆ ಹೋಗಿದ್ದಾಳೆ. ಇಪ್ಪತ್ತೆಂಟು ವರ್ಷ ನನ್ನನ್ನು ನಾನು ಬಯ್ದುಕೊಳ್ಳುವುದರಲ್ಲೇ ಕಳೆದು, ಅವಳಿಗಾಗಿ ಅಳುವುದೇ ಬಾಕಿ ಉಳಿದುಬಿಟ್ಟಿತ್ತು. ನೀನು ರೈಲು ಹತ್ತಿದ ಮೇಲೆ ನಾನು ಅತ್ತೆ. ಮೂರು ದಿನ ಅಂಗಡಿಗೆ ಹೋಗಲಿಲ್ಲ.

ಅವರಿಗೂ ಹೇಳಬೇಕಿತ್ತು. ಗೇಟಿನ ಹತ್ತಿರ ಕೊಡೆ ಹಿಡಿದು ನಿಲ್ಲುತ್ತಿದ್ದ ಮನುಷ್ಯನಿಗೆ ಒಂದೇ ಒಂದು ಸಲ, ನಾನು ಸರಿಯಾಗಿ ನೋಡಿದ್ದೆ ಕಣ್ರೀ ಎಂದು ಹೇಳಬೇಕಿತ್ತು. ನನ್ನ ಹೆಸರು ನಿನ್ನ ಪ್ರಬಂಧದಲ್ಲಿ ಬಂದದ್ದು ಸಂತೋಷವೇ. ಆದರೆ ಅದನ್ನು ಅವರು ಓದುವುದಿಲ್ಲ. ಈ ನಷ್ಟ ನೀನು ತುಂಬಿಕೊಡುವಂಥದ್ದಲ್ಲ, ಅದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ.

ಹೊರಡುವಾಗ ಬಾಗಿಲಲ್ಲಿ ನಿಂತು, ಕ್ಷಮಿಸಿದ್ರಾ ಅಕ್ಕ ಅಂತ ಕೇಳಿದೆ. ನಮ್ಮ ಕೋಣೆಯ ಪದ್ಧತಿ ನಿನಗೆ ಗೊತ್ತಲ್ಲ. ಒಂದು ಸಲ ಓದಿದ್ದೇನೆ. ತಿರುಗಿಸಿ ಇಟ್ಟು ಇನ್ನೊಂದು ಸಲ ಓದಬೇಕು. ಅಷ್ಟರವರೆಗೆ ಸಂಖ್ಯೆ ಬರೆಯುವ ಹಾಗಿಲ್ಲ. ನೀನು ಆಗಾಗ ಬರುತ್ತಿರು.

ನಿನ್ನೆ ಸಂಜೆ ಥರ್ಮಾಮೀಟರನ್ನು ಕೊಳವೆಯಿಂದ ಹೊರಗೆ ತೆಗೆದೆ. ಕಿಟಕಿಯ ಬೆಳಕಿಗೆ ಹಿಡಿದು ಕೊನೆಯದಾಗಿ ಒಂದು ಸಲ ಓದಿದೆ. ಆಮೇಲೆ ಮಣಿಕಟ್ಟು ಝಾಡಿಸಿ ಮೂರು ಸಲ ಕೊಡವಿದೆ. ಪಾದರಸ ಬುಡಕ್ಕೆ ಇಳಿಯಿತು. ಹತ್ತಿಬಟ್ಟೆ ಹೊದಿಸಿ ಇಟ್ಟೆ.

ಗೆರೆಯಕ್ಕ